ಬೆಳಕಿಗೂ ಸದ್ದಿಗೂ ನಡುವೆ: ಚೆಲ್ಯಾಬಿನ್ಸ್ಕ್ ಉಲ್ಕಾಸ್ಫೋಟ ಮತ್ತು ಜನರ ಪ್ರತಿಕ್ರಿಯೆ

(ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ಉಲ್ಕೆಗಳ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಉಲ್ಕೆಯ ಜೊತೆಗೆ ಅದರ ಕೆಳಗಿದ್ದ ಜನರ ಕುರಿತೂ ಮಾತನಾಡಲು ಅವಕಾಶ ಕೊಡಿ ಎಂದು ಕೋರಿದ್ದೆ. ಆಕಾಶಕಾಯಗಳ ಬಗ್ಗೆ ನಡೆಯುವ ಉಪನ್ಯಾಸಗಳಲ್ಲಿ ವೇಗ, ತೂಕ, ಕಕ್ಷೆಗಳಿಗೆ ಸಿಗುವಷ್ಟು ಜಾಗ ಮನುಷ್ಯರಿಗೆ ಸಿಗುವುದಿಲ್ಲ. ಸಿಕ್ಕರೂ ಗಾಬರಿಬಿದ್ದವರು, ವದಂತಿ ಹಬ್ಬಿಸಿದವರು, ಕಲ್ಲು ಮಾರಹೊರಟವರು ಎಂದು ಅವರು ನಗೆಪಾಟಲಿನ ಪಾತ್ರಗಳಾಗಿಯೇ ಬರುತ್ತಾರೆ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಆಕಾಶದಲ್ಲಿ ನಡೆದ ಸ್ಫೋಟದ ವಿಷಯದಲ್ಲಿಯೂ ಹೀಗೆಯೇ ಆಯಿತು. ಅಂದು ಆ ಜನ ನಡೆದುಕೊಂಡ ರೀತಿಯಲ್ಲಿ ಅವಿವೇಕ ಹುಡುಕುವುದು ಸುಲಭ. ಆದರೆ ಅದುವರೆಗೆ ಅವರು ಕಂಡು ಕೇಳಿದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಅವರ ನಡೆಗೆ ತಕ್ಕ ಕಾರಣಗಳಿದ್ದವು ಎಂಬುದು ನನ್ನ ವಾದ.

ಮೊದಲು ಘಟನೆಯನ್ನು ನೋಡೋಣ. ಚೆಲ್ಯಾಬಿನ್ಸ್ಕ್, ಯೂರಲ್ ಪರ್ವತಗಳ ಪೂರ್ವದ ಮಗ್ಗುಲಿನಲ್ಲಿರುವ, ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರಿರುವ ಕೈಗಾರಿಕಾ ನಗರ. 2013ರ ಫೆಬ್ರವರಿ 15, ಶುಕ್ರವಾರ. ಸ್ಥಳೀಯ ಸಮಯ ಬೆಳಿಗ್ಗೆ ಸುಮಾರು 9 ಗಂಟೆ 20 ನಿಮಿಷ. ಚಳಿಗಾಲದ ಸೂರ್ಯ ಆಗಷ್ಟೇ ಮೂಡುತ್ತಿದ್ದ. ಮಕ್ಕಳು ತರಗತಿ ಸೇರಿದ್ದರು, ರಸ್ತೆಗಳಲ್ಲಿ ವಾಹನಗಳ ಸಾಲಿತ್ತು. ಆ ಹೊತ್ತಿಗೆ ಸುಮಾರು 19 ಮೀಟರ್ ಅಡ್ಡಳತೆಯ, 12,000 ಟನ್ನಿನ ಆಸುಪಾಸು ತೂಗುವ ಬಂಡೆಯೊಂದು ಸೆಕೆಂಡಿಗೆ ಸುಮಾರು 19 ಕಿಲೋಮೀಟರ್ ವೇಗದಲ್ಲಿ, ನೆಲಕ್ಕೆ ತೀರ ಓರೆಯಾಗಿ ವಾತಾವರಣವನ್ನು ಹೊಕ್ಕು, ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಒಡೆದು ಚೂರಾಯಿತು. ಬಿಡುಗಡೆಯಾದ ಶಕ್ತಿ 400ರಿಂದ 500 ಕಿಲೋಟನ್ ಟಿಎನ್‌ಟಿಗೆ ಸಮ, ಅಂದರೆ ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಸುಮಾರು 30 ಪಟ್ಟು. ಅಷ್ಟು ಎತ್ತರದಲ್ಲಿ ಒಡೆದದ್ದರಿಂದ ಮತ್ತು ಓರೆಯಾಗಿ ಬಂದದ್ದರಿಂದ ಅದರ ಬಹುಪಾಲನ್ನು ಗಾಳಿಯೇ ನುಂಗಿಕೊಂಡಿತು. ಉಳಿದದ್ದು ನೆಲಕ್ಕೆ ಆಘಾತ ತರಂಗವಾಗಿ ಬಂದು ಆರು ಪಟ್ಟಣಗಳಲ್ಲಿ 7,000ಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿ ಮಾಡಿತು. ನಗರದ ಸತುವಿನ ಕಾರ್ಖಾನೆಯೊಂದರ ಗೋದಾಮಿನ ಛಾವಣಿ ಕುಸಿಯಿತು. ಸುಮಾರು 1,500 ಮಂದಿ ಚಿಕಿತ್ಸೆಗಾಗಿ ಆಸ್ಪತ್ರೆಗಳಿಗೆ ಬಂದರು. ಒಬ್ಬರೂ ಸಾಯಲಿಲ್ಲ.

ಈ 1,500 ಮಂದಿಯಲ್ಲಿ ಯಾರ ತಲೆಯ ಮೇಲೂ ಉಲ್ಕಾಶಿಲೆ ಬಿದ್ದಿರಲಿಲ್ಲ. ಹೆಚ್ಚಿನವರನ್ನು ಗಾಯಗೊಳಿಸಿದ್ದು ಕಿಟಕಿಯ ಗಾಜು. ಗಾಜು ಅವರನ್ನು ಗಾಯಗೊಳಿಸಲು ಕಾರಣ, ಅದು ಒಡೆಯುವ ಹೊತ್ತಿಗೆ ಅವರು ಅದರ ಹತ್ತಿರ ನಿಂತಿದ್ದದ್ದು. ಏಕೆ ನಿಂತಿದ್ದರು ಎಂಬ ಪ್ರಶ್ನೆಯಲ್ಲೇ ನಮ್ಮ ವಿಷಯದ ತಿರುಳಿದೆ.

ಮಿಂಚು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನಾವು ಕಂಡ ಮಿಂಚು ಗುಡುಗುಗಳ ನಡುವಿನ ಅಂತರ ಕೆಲವೇ ಸೆಕೆಂಡುಗಳದ್ದು. ಚೆಲ್ಯಾಬಿನ್ಸ್ಕ್‌ನಲ್ಲಿ ಬೆಳಕು ಕಂಡು ಸದ್ದು ಬರುವುದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಸಮಯ ಹಿಡಿಯಿತು. ಉಲ್ಕೆಯ ಹಾದಿಗೆ ಹತ್ತಿರವಿದ್ದ ದಕ್ಷಿಣದ ಊರುಗಳಲ್ಲಿ ಈ ಅಂತರ ಇನ್ನೂ ಸ್ವಲ್ಪ ಕಡಿಮೆಯಿತ್ತು. ಎರಡು ನಿಮಿಷವೆಂದರೆ ಮನುಷ್ಯನ ಮಟ್ಟಿಗೆ ದೀರ್ಘ ಕಾಲ. ಕೋಣೆಯೊಳಗಿನ ಗೋಡೆಯ ಮೇಲೆ ಸೂರ್ಯನಿಗಿಂತ ಪ್ರಖರವಾದ ಬೆಳಕೊಂದು ಸರಿದು ಹೋಗುತ್ತದೆ, ಮೇಜು ಕುರ್ಚಿಗಳ ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುತ್ತದೆ. ಒಳಗಿದ್ದವರು ಎದ್ದು ಕಿಟಕಿಗೆ ಹೋಗುತ್ತಾರೆ. ಹೊರಗೆ ನೋಡಿದರೆ ಬೆಳಕು ಆಗಲೇ ಆರಿದೆ. ಆಕಾಶಕ್ಕೆ ಅಡ್ಡಲಾಗಿ, ಎರಡು ಎಳೆಗಳಾಗಿ ಸೀಳಿಕೊಂಡ ದಪ್ಪನೆಯ ಬಿಳಿ ಹೊಗೆಯ ಗೆರೆಯೊಂದು ನಿಂತಿದೆ. ಸದ್ದಿಲ್ಲ. ಏನೂ ಆಗಲಿಲ್ಲ ಎಂದುಕೊಂಡು ಅಲ್ಲೇ ನಿಂತು ನೋಡುತ್ತಾರೆ, ಪಕ್ಕದವರನ್ನು ಕರೆಯುತ್ತಾರೆ, ಮೊಬೈಲ್ ತೆಗೆದು ಚಿತ್ರೀಕರಿಸುತ್ತಾರೆ. ಆಮೇಲೆ ಕಿಟಕಿ ಒಳಕ್ಕೆ ಸಿಡಿಯುತ್ತದೆ.

ಅಂದು ಜನ ತೆಗೆದ ವಿಡಿಯೊಗಳಲ್ಲಿ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಅಂಗಳದಲ್ಲಿ ನಿಂತ ಯಾರೋ ಹೊಗೆಯ ಗೆರೆಯನ್ನು ಚಿತ್ರೀಕರಿಸುತ್ತಿರುತ್ತಾರೆ. ದನಿಯಲ್ಲಿ ಕುತೂಹಲ, ತುಸು ನಗು. ಇದ್ದಕ್ಕಿದ್ದಂತೆ ಭಾರಿ ಸದ್ದು, ಅದರ ಬೆನ್ನಿಗೇ ಸಣ್ಣ ಸಣ್ಣ ಸದ್ದುಗಳ ಸರಣಿ, ಗಾಜು ಉದುರುವ ಶಬ್ದ, ನಿಂತ ಕಾರುಗಳೆಲ್ಲ ಒಟ್ಟಿಗೆ ಅಲಾರಂ ಹೊಡೆದುಕೊಳ್ಳುವುದು, ಆಮೇಲೆ ಬೈಗುಳ. ಬೆಳಕಿನ ಹೊತ್ತಿನಲ್ಲಿ ಹುಟ್ಟದ ಭಯ ಸದ್ದಿನ ಹೊತ್ತಿಗೆ ಹುಟ್ಟುವುದನ್ನು ಇವುಗಳಲ್ಲಿ ಕಿವಿಯಿಂದಲೇ ಗುರುತಿಸಬಹುದು. ಕಾರಿನ ಮುಂಗನ್ನಡಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್‌ಗಳ ದೃಶ್ಯಗಳು ಇನ್ನೊಂದು ಬಗೆಯವು. ಹಲವು ಚಾಲಕರು ಗಾಡಿ ನಿಲ್ಲಿಸುವುದೂ ಇಲ್ಲ. ರೇಡಿಯೊ ತನ್ನ ಪಾಡಿಗೆ ಹಾಡುತ್ತಿರುತ್ತದೆ, ಗಾಡಿ ಸಾಲಿನಲ್ಲಿ ಮುಂದೆ ಹೋಗುತ್ತಿರುತ್ತದೆ. ಇದನ್ನು ನೋಡಿ ರಷ್ಯನ್ನರ ನಿರ್ಲಿಪ್ತತೆಯ ಬಗ್ಗೆ ಹೊರದೇಶಗಳಲ್ಲಿ ಬಹಳ ತಮಾಷೆ ನಡೆಯಿತು. ನನಗೆ ಅದರಲ್ಲಿ ನಿರ್ಲಿಪ್ತತೆ ಕಾಣುವುದಿಲ್ಲ. ಮಂಜುಗಟ್ಟಿದ ರಸ್ತೆಯಲ್ಲಿ ಗಾಡಿ ಓಡಿಸುತ್ತಿರುವವನ ಕಣ್ಣು ಒಂದು ಕ್ಷಣ ಕುಕ್ಕಿದಾಗ ಅವನು ಮಾಡಬೇಕಾದ ಮೊದಲ ಕೆಲಸ ಗಾಡಿಯನ್ನು ಹತೋಟಿಯಲ್ಲಿಟ್ಟುಕೊಳ್ಳುವುದೇ.

ಆ ಎರಡು ನಿಮಿಷಗಳನ್ನು ಬೇರೆ ರೀತಿ ಬಳಸಿದವರೂ ಇದ್ದರು. ನಗರದ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ 44 ಮಕ್ಕಳ ಜೊತೆಗಿದ್ದ ಶಿಕ್ಷಕಿಯೊಬ್ಬರು ಬೆಳಕು ಕಂಡ ಕೂಡಲೇ ಮಕ್ಕಳಿಗೆಲ್ಲ ಮೇಜಿನ ಕೆಳಗೆ ಕುಳಿತುಕೊಳ್ಳುವಂತೆ ಹೇಳಿದರು. ಅದು ಉಲ್ಕೆಯೆಂದು ಅವರಿಗೆ ಗೊತ್ತಿರಲಿಲ್ಲ. ಕಣ್ಣು ಕೋರೈಸುವ ಬೆಳಕು ಬಂದರೆ ತಗ್ಗಿ ಅವಿತುಕೊಳ್ಳಬೇಕೆಂಬುದು ಶೀತಲ ಸಮರದ ಕಾಲದ ಅಣುಬಾಂಬ್ ಕವಾಯತಿನ ಪಾಠ. ಮಕ್ಕಳಲ್ಲಿ ಒಬ್ಬರಿಗೂ ಗೀರು ಬೀಳಲಿಲ್ಲ. ನಿಂತೇ ಇದ್ದ ಶಿಕ್ಷಕಿಯ ತೋಳಿಗೆ ಗಾಜು ಬಡಿದು ಸ್ನಾಯುರಜ್ಜು ತುಂಡಾಯಿತು. ಈ ಪ್ರಸಂಗವನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ, ಅದು ಸರಿಯೇ. ನನ್ನ ಆಸಕ್ತಿ ಇನ್ನೊಂದರಲ್ಲಿದೆ. ಅವರು ಊಹಿಸಿದ ಕಾರಣ ಬೇರೆಯಾಗಿರಬಹುದು, ಆದರೆ ಮಾಡಿದ ಕೆಲಸ ಸರಿಯಾಗಿತ್ತು. ಬೆಳಕಿನ ಹಿಂದೆ ಒತ್ತಡದ ಅಲೆಯೊಂದು ಬರುತ್ತದೆ ಎಂಬಷ್ಟೇ ತಿಳಿವಳಿಕೆ, ಆ ಬೆಳಕು ಎಲ್ಲಿಂದ ಬಂತು ಎಂಬ ತಿಳಿವಳಿಕೆಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಈಗ ಜನ ಏನೆಂದುಕೊಂಡರು ಎಂಬುದಕ್ಕೆ ಬರುತ್ತೇನೆ. ಯುದ್ಧ ಶುರುವಾಯಿತು ಎಂದುಕೊಂಡವರಿದ್ದರು, ಅಣುಬಾಂಬ್ ಬಿತ್ತು ಎಂದುಕೊಂಡವರಿದ್ದರು. ವಿಮಾನ ಸ್ಫೋಟಿಸಿತು, ರಾಕೆಟ್ ಬಿತ್ತು, ಉಪಗ್ರಹ ಕಳಚಿತು, ಕಾರ್ಖಾನೆಯಲ್ಲಿ ಅವಘಡವಾಯಿತು, ಲೋಕವೇ ಮುಗಿಯಿತು, ಹೀಗೆಲ್ಲ ಊಹೆಗಳು ಹರಿದಾಡಿದವು. ಎಲ್ಲರೂ ಒಮ್ಮೆಗೇ ಕರೆ ಮಾಡಿದ್ದರಿಂದ ಮೊಬೈಲ್ ಜಾಲ ಕಟ್ಟಿಕೊಂಡಿತು. ತಂದೆತಾಯಂದಿರು ಶಾಲೆಗಳತ್ತ ಓಡಿದರು. ಉಲ್ಕೆ ಎಂಬ ಊಹೆ ಬಹಳಷ್ಟು ಜನರ ಪಟ್ಟಿಯಲ್ಲಿ ಮೊದಲಿಗೆ ಬರಲಿಲ್ಲ. ಇದನ್ನು ವಿಜ್ಞಾನದ ಅಜ್ಞಾನ ಎಂದು ಕರೆಯುವ ಮೊದಲು ಆ ಊರಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಲೆನಿನ್‌ಗ್ರಾದ್‌ನಿಂದ ಯಂತ್ರಗಳನ್ನು ತಂದು ಇಲ್ಲಿ ಟ್ಯಾಂಕುಗಳನ್ನು ತಯಾರಿಸಿದರು. ಊರಿಗೆ ಟ್ಯಾಂಕೋಗ್ರಾದ್ ಎಂಬ ಅಡ್ಡಹೆಸರೇ ಬಂತು. ಯುದ್ಧದ ನಂತರ ಈ ಪ್ರಾಂತ್ಯ ಸೋವಿಯತ್ ಅಣ್ವಸ್ತ್ರ ಕಾರ್ಯಕ್ರಮದ ಕೇಂದ್ರವಾಯಿತು. ನಗರದ ಉತ್ತರಕ್ಕೆ, ನಕಾಶೆಯಲ್ಲಿ ಇಲ್ಲದ ಒಂದು ರಹಸ್ಯ ಪಟ್ಟಣದಲ್ಲಿ, ಮಾಯಾಕ್ ಎಂಬ ಸ್ಥಾವರ ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಸುತ್ತಿತ್ತು. 1957ರ ಸೆಪ್ಟೆಂಬರ್ 29ರಂದು ಅಲ್ಲಿ ವಿಕಿರಣಶೀಲ ತ್ಯಾಜ್ಯ ತುಂಬಿದ್ದ ತೊಟ್ಟಿಯೊಂದು, ತಣಿಸುವ ವ್ಯವಸ್ಥೆ ಕೆಟ್ಟು, ಸ್ಫೋಟಗೊಂಡಿತು. ಪಟ್ಟಣದ ಹೆಸರು ಹೇಳುವಂತಿಲ್ಲದ ಕಾರಣ ಹತ್ತಿರದ ಇನ್ನೊಂದು ಪಟ್ಟಣದ ಹೆಸರಿನಿಂದ ಕಿಷ್ಟಿಮ್ ದುರಂತ ಎಂದು ಅದು ಇಂದು ಪ್ರಸಿದ್ಧ. ಮುಂದಿನ ಎರಡು ವರ್ಷಗಳಲ್ಲಿ ಸುಮಾರು 10,000 ಜನರನ್ನು ಅವರ ಹಳ್ಳಿಗಳಿಂದ ತೆರವುಗೊಳಿಸಲಾಯಿತು. ಸ್ಫೋಟದ ನಂತರ ಆಕಾಶದಲ್ಲಿ ಕಂಡ ವಿಚಿತ್ರ ಬಣ್ಣದ ಬೆಳಕಿನ ಬಗ್ಗೆ ಚೆಲ್ಯಾಬಿನ್ಸ್ಕ್‌ನ ಪತ್ರಿಕೆ ಅಕ್ಟೋಬರ್ ಮೊದಲ ವಾರದಲ್ಲಿ ಒಂದು ವಿವರಣೆಯನ್ನೂ ಪ್ರಕಟಿಸಿತು. ಅದು ಧ್ರುವಪ್ರಭೆ ಎಂದು ಆ ಬರಹ ಹೇಳಿತು. ಸರ್ಕಾರ ನಿಜವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1989ರಲ್ಲಿ.

ಈಗ 2013ರ ಆ ಬೆಳಗ್ಗೆ ಅದೇ ಪ್ರಾಂತ್ಯದ ಅರವತ್ತು ದಾಟಿದ ವ್ಯಕ್ತಿಯೊಬ್ಬರನ್ನು ಊಹಿಸಿಕೊಳ್ಳಿ. ಆಕಾಶದಲ್ಲಿ ಭಯಂಕರ ಬೆಳಕು, ಆಮೇಲೆ ಮನೆಯನ್ನೇ ನಡುಗಿಸಿದ ಸ್ಫೋಟ. ಸ್ವಲ್ಪ ಹೊತ್ತಿನಲ್ಲಿ ಟಿವಿಯಲ್ಲಿ, ಇದು ನೈಸರ್ಗಿಕ ವಿದ್ಯಮಾನ, ವಿಕಿರಣದ ಮಟ್ಟ ಸಾಮಾನ್ಯವಾಗಿದೆ, ಗಾಬರಿಪಡುವ ಅಗತ್ಯವಿಲ್ಲ ಎಂಬ ಪ್ರಕಟಣೆ. ಅವರು ಬಾಲ್ಯದಲ್ಲಿ ಕೇಳಿದ ಸುಳ್ಳಿನ ಧಾಟಿಯೂ ಹೆಚ್ಚುಕಡಿಮೆ ಇದೇ. ಈ ಬಾರಿ ಹೇಳಿದ್ದು ಸಂಪೂರ್ಣ ನಿಜ ಎಂಬುದು ಬೇರೆ ಮಾತು. ಹಿಂದೆ ಆಕಾಶದ ಬೆಳಕಿನ ಬಗ್ಗೆ ಮೋಸ ಹೋದ ಊರು ಇನ್ನೊಮ್ಮೆ ಆಕಾಶದ ಬೆಳಕಿನ ಬಗ್ಗೆ ಸರ್ಕಾರ ಹೇಳಿದ್ದನ್ನು ತಕ್ಷಣ ನಂಬದಿದ್ದರೆ ಅದನ್ನು ಮೌಢ್ಯ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಅಣುಬಾಂಬೆಂಬ ಊಹೆ ಭೌತವಿಜ್ಞಾನದ ದೃಷ್ಟಿಯಿಂದಲೂ ಅಷ್ಟೊಂದು ದೂರದ್ದಾಗಿರಲಿಲ್ಲ. ಈ ಸ್ಫೋಟದ ಶಕ್ತಿಯನ್ನು ಲೆಕ್ಕಹಾಕಲು ನೆರವಾದ ಉಪಕರಣಗಳಲ್ಲಿ ಮುಖ್ಯವಾದವು, ಅಣ್ವಸ್ತ್ರ ಪರೀಕ್ಷೆಗಳನ್ನು ಕದ್ದುಮುಚ್ಚಿ ಯಾರಾದರೂ ನಡೆಸುತ್ತಿದ್ದಾರೆಯೇ ಎಂದು ಕಿವಿಗೊಡಲು ಜಗತ್ತಿನಾದ್ಯಂತ ಸ್ಥಾಪಿಸಿರುವ ಅವಶ್ರವ್ಯ ಧ್ವನಿ ಕೇಂದ್ರಗಳು. ಮನುಷ್ಯನ ಕಿವಿಗೆ ಕೇಳದಷ್ಟು ತಗ್ಗಿನ ಆ ಸದ್ದನ್ನು ಸುಮಾರು 15,000 ಕಿಲೋಮೀಟರ್ ದೂರದ ಅಂಟಾರ್ಕ್ಟಿಕದ ಕೇಂದ್ರವೂ ದಾಖಲಿಸಿತು. ಬಾಂಬಿಗಾಗಿ ಕಾದಿದ್ದ ಯಂತ್ರ ಕೇಳಿದ್ದನ್ನೇ ಬಾಂಬಿನ ಭಯದಲ್ಲಿ ಬೆಳೆದ ಮನುಷ್ಯರೂ ಕೇಳಿದರು.

ಅಧಿಕಾರಸ್ಥರ ಮಾತು ಬೇರೆ. ಅವರಿಗೆ ಆ ರಿಯಾಯಿತಿ ಕೊಡಲಾಗದು. ರಾಷ್ಟ್ರೀಯವಾದಿ ನಾಯಕ ವ್ಲಾದಿಮಿರ್ ಝಿರಿನೋವ್‌ಸ್ಕಿ, ಇದು ಉಲ್ಕೆಯಲ್ಲ, ಅಮೆರಿಕನ್ನರು ಹೊಸ ಆಯುಧವೊಂದನ್ನು ಪರೀಕ್ಷಿಸುತ್ತಿದ್ದಾರೆ ಎಂದು ಅದೇ ದಿನ ಹೇಳಿದರು. ಉಲ್ಕೆಯನ್ನು ರಷ್ಯಾದ ವಾಯುರಕ್ಷಣಾ ಪಡೆ ಕ್ಷಿಪಣಿಯಿಂದ ಹೊಡೆದುರುಳಿಸಿತು ಎಂಬ ಸುದ್ದಿಯೂ ಸ್ಥಳೀಯ ಮಾಧ್ಯಮದ ಮೂಲಕ ಹೊರಬಂದು ಕೆಲವು ಗಂಟೆಗಳ ಕಾಲ ಓಡಾಡಿತು. ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಬಂದ ಬಂಡೆಯನ್ನು ಹೊಡೆಯುವ ವ್ಯವಸ್ಥೆ ಯಾರ ಬಳಿಯೂ ಇರಲಿಲ್ಲ, ಈಗಲೂ ಇಲ್ಲ. ಒಂದು ಸುದ್ದಿ ನಮ್ಮನ್ನು ಹೊಡೆಯಲಾಯಿತು ಎನ್ನುತ್ತದೆ, ಇನ್ನೊಂದು ನಾವೇ ಹೊಡೆದೆವು ಎನ್ನುತ್ತದೆ; ಆಕಾಶದಲ್ಲಿ ಯಾರ ಕೈವಾಡವೂ ಇಲ್ಲದೆ ಏನಾದರೂ ನಡೆಯಬಹುದೆಂದು ಒಪ್ಪಿಕೊಳ್ಳುವುದು ಎರಡಕ್ಕೂ ಕಷ್ಟ. ಪ್ರಧಾನಿ ದ್ಮಿತ್ರಿ ಮೆದ್ವೆದೆವ್ ಮಾತ್ರ, ಆ ಹೊತ್ತಿಗೆ ಕ್ರಾಸ್ನೊಯಾರ್ಸ್ಕ್‌ನ ಆರ್ಥಿಕ ಸಮಾವೇಶದಲ್ಲಿದ್ದವರು, ಆರ್ಥಿಕತೆಯಷ್ಟೇ ಅಲ್ಲ, ಇಡೀ ಭೂಗ್ರಹವೇ ಅಪಾಯಕ್ಕೆ ತೆರೆದುಕೊಂಡಿದೆ ಎಂಬ ಅರ್ಥದ ಮಾತನ್ನಾಡಿದರು. ಸಂದರ್ಭಕ್ಕೆ ಹೊಂದಿಸಿ ಆಡಿದ ರಾಜಕಾರಣಿಯ ಮಾತಾದರೂ ವಸ್ತುಸ್ಥಿತಿಗೆ ಹತ್ತಿರವಿತ್ತು.

ಸುಳ್ಳು ಚಿತ್ರಗಳೂ ಬೇಗನೆ ಬಂದವು. ಉರಿಯುವ ದೊಡ್ಡ ಕುಳಿಯೊಂದರ ದೃಶ್ಯ, ಉಲ್ಕೆ ಬಿದ್ದ ಜಾಗ ಎಂಬ ಹೆಸರಿನಲ್ಲಿ ಹರಡಿತು. ಅದು ತುರ್ಕಮೆನಿಸ್ತಾನದ ದರ್ವಾಜಾ ಎಂಬಲ್ಲಿ ದಶಕಗಳಿಂದ ಉರಿಯುತ್ತಿರುವ ನೈಸರ್ಗಿಕ ಅನಿಲದ ಕುಳಿ. ಈ ಸುಳ್ಳು ನಂಬಿಕೆ ಗಳಿಸಲು ಒಂದು ಕಾರಣವಿದೆ. ಇಷ್ಟು ದೊಡ್ಡ ಸ್ಫೋಟಕ್ಕೆ ನೆಲದ ಮೇಲೆ ಇಷ್ಟೇ ದೊಡ್ಡ ಗುರುತಿರಬೇಕು ಎಂದು ಮನಸ್ಸು ನಿರೀಕ್ಷಿಸುತ್ತದೆ. ನಿಜವಾದ ಗುರುತೆಂದರೆ ಚೆಬಾರ್ಕುಲ್ ಸರೋವರದ ಹೆಪ್ಪುಗಟ್ಟಿದ ಮೇಲ್ಮೈಯಲ್ಲಿ ಏಳೆಂಟು ಮೀಟರ್ ಅಗಲದ ಒಂದು ತೂತು ಮತ್ತು ಹೊಲಗಳ ಹಿಮದಲ್ಲಿ ಬೆರಳು ತೂರುವಷ್ಟು ಸಣ್ಣ ಕಿಂಡಿಗಳು.

ಕಾಕತಾಳೀಯವೊಂದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. 2012 ಡಿಎ14 ಎಂಬ ಕ್ಷುದ್ರಗ್ರಹವೊಂದು ಅದೇ ದಿನ ಭೂಮಿಯ ಮೇಲ್ಮೈಯಿಂದ ಸುಮಾರು 27,700 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ ಎಂದು ವಾರಗಳ ಮೊದಲೇ ಪ್ರಕಟವಾಗಿತ್ತು, ಯಾವ ಅಪಾಯವೂ ಇಲ್ಲ ಎಂಬ ಭರವಸೆಯ ಸಮೇತ. ಅದು ಹೇಳಿದಂತೆಯೇ, ಸ್ಫೋಟದ ಸುಮಾರು 16 ಗಂಟೆಗಳ ನಂತರ, ಹಾದುಹೋಯಿತು. ಎರಡೂ ಕಾಯಗಳ ಕಕ್ಷೆಗಳು ಬೇರೆ ಬೇರೆ, ಬಂದ ದಿಕ್ಕುಗಳೂ ಬೇರೆ. ಆದರೆ ಅಪಾಯವಿಲ್ಲ ಎಂದು ಹೇಳಿದ ದಿನವೇ ತನ್ನ ಮನೆಯ ಕಿಟಕಿ ಒಡೆದುಹೋದ ಮನುಷ್ಯನಿಗೆ ಈ ವಿವರಣೆ ಜಾಣತನದ ನುಣುಚಿಕೆಯಂತೆ ಕೇಳಿದ್ದರೆ ಆಶ್ಚರ್ಯವಿಲ್ಲ. ದೊಡ್ಡದನ್ನು ಒಂದು ವರ್ಷ ಮೊದಲೇ ಕಂಡವರಿಗೆ ಇದು ಏಕೆ ಕಾಣಲಿಲ್ಲ? ಚೆಲ್ಯಾಬಿನ್ಸ್ಕ್‌ನ ಬಂಡೆ ಸೂರ್ಯನ ದಿಕ್ಕಿನಿಂದ ಬಂತು. ಹಗಲಿನ ಆಕಾಶದಲ್ಲಿ ನೆಲದ ದೂರದರ್ಶಕಗಳಿಗೆ ಅದು ಕಾಣುವಂತಿರಲಿಲ್ಲ. ಉತ್ತರ ಸರಳವಾದರೂ ಸಮಾಧಾನಕರವಲ್ಲ.

ಸಂಜೆಯಾಗುವುದರೊಳಗೆ ಭಯದ ಜಾಗದಲ್ಲಿ ಹಾಸ್ಯ ಬಂದು ಕುಳಿತಿತ್ತು. ಚೆಲ್ಯಾಬಿನ್ಸ್ಕ್‌ನ ಜನ ಬಲು ಗಟ್ಟಿ, ಒರಟು ಎಂಬ ಜೋಕುಗಳು ರಷ್ಯಾದಲ್ಲಿ ಮೊದಲಿನಿಂದಲೂ ಇದ್ದವು. ಉಲ್ಕೆಯ ಮೇಲಿನ ನಿವಾಸಿಗಳು ತಮ್ಮತ್ತ ಧಾವಿಸಿ ಬರುತ್ತಿರುವ ಚೆಲ್ಯಾಬಿನ್ಸ್ಕ್ ಅನ್ನು ನೋಡಿ ನಡುಗಿದರು ಎಂಬ ಜೋಕು ದೇಶವಿಡೀ ಸುತ್ತಿತು. ಹಾನಿಯಾದ ಊರಿನವರೇ ಇದನ್ನು ಹಂಚಿಕೊಂಡರು ಎಂಬುದನ್ನು ಗಮನಿಸಬೇಕು. ಒಬ್ಬರಾದರೂ ಸತ್ತಿದ್ದರೆ ಈ ಹಾಸ್ಯ ಹುಟ್ಟುತ್ತಿರಲಿಲ್ಲ.

ಊರಿನೊಳಗಿನ ನಿಜವಾದ ಚಿಂತೆ ಆಕಾಶದ್ದಾಗಿರದೆ ಚಳಿಯದಾಗಿತ್ತು. ಹೊರಗೆ ಶೂನ್ಯಕ್ಕಿಂತ 15 ಡಿಗ್ರಿಯಷ್ಟು ಕೆಳಗಿನ ಉಷ್ಣತೆ. ಒಳಗೆ ಒಂದು ಲಕ್ಷ ಚದರ ಮೀಟರಿಗೂ ಹೆಚ್ಚು ಗಾಜು ಪುಡಿಯಾಗಿದೆ. ಇಡೀ ನಗರಕ್ಕೆ ಬಿಸಿನೀರಿನ ಕೊಳವೆಗಳ ಮೂಲಕ ಶಾಖ ಒದಗಿಸುವ ವ್ಯವಸ್ಥೆಯಿರುವ ಊರಿನಲ್ಲಿ ಕಿಟಕಿಯಿಲ್ಲದ ಕಟ್ಟಡವೆಂದರೆ ಕೊಳವೆಯ ನೀರು ಹೆಪ್ಪುಗಟ್ಟಿ, ಕೊಳವೆ ಸಿಡಿದು, ಅಕ್ಕಪಕ್ಕದ ಮನೆಗಳಿಗೂ ಶಾಖ ನಿಂತುಹೋಗುವ ಅಪಾಯ. ಜನ ಕಂಬಳಿ, ಹಲಗೆ, ಪ್ಲಾಸ್ಟಿಕ್ ಹಾಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಿಟಕಿಗೆ ಹೊಡೆದರು. ಗಾಜು ಕೂರಿಸುವ ಕೆಲಸಗಾರರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಹಾನಿಯ ಮೊತ್ತವನ್ನು ಅಧಿಕಾರಿಗಳು ನೂರು ಕೋಟಿ ರೂಬಲ್ ಎಂದು ಅಂದಾಜಿಸಿದರು. ಪರಿಹಾರದ ಆಸೆಗೆ ಕೆಲವರು ತಮ್ಮ ಹಳೆಯ ಕಿಟಕಿಗಳನ್ನು ತಾವೇ ಒಡೆದುಕೊಂಡರೆಂಬ ವರದಿಗಳೂ ಬಂದವು, ಅವು ಜಗತ್ತಿನ ಪತ್ರಿಕೆಗಳಲ್ಲಿ ಮುಖ್ಯ ಸುದ್ದಿಗಿಂತ ಹೆಚ್ಚು ರುಚಿಯಿಂದ ಪ್ರಕಟವಾದವು. ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ನೆರೆಯವರ ಕಿಟಕಿ ಮುಚ್ಚಲು ನೆರವಾದವರ ವಿಷಯ ಸುದ್ದಿಯಾಗುವುದಿಲ್ಲ.

ಮುಂದಿನ ಅಂಕ ಕಲ್ಲುಗಳದ್ದು. ದಕ್ಷಿಣದ ಹಳ್ಳಿಗಳಲ್ಲಿ ಮಕ್ಕಳು, ಮುದುಕರು ಹೊಲಗಳಿಗೆ ಇಳಿದರು. ಹಿಮದ ಮೇಲಿನ ಸಣ್ಣ ಕಿಂಡಿಯನ್ನು ಹುಡುಕಿ ನಿಧಾನವಾಗಿ ಅಗೆದರೆ ಗಟ್ಟಿಯಾದ ಹಿಮದ ತುದಿಯಲ್ಲಿ, ಕರಿ ಹೊದಿಕೆಯ, ಒಳಗೆ ಬೂದುಬಣ್ಣದ ಕಲ್ಲಿನ ಚೂರು ಸಿಗುತ್ತಿತ್ತು. ಹಿಮ ಬಿದ್ದಿದ್ದ ಕಾಲವಾದ್ದರಿಂದಲೇ ಈ ಹುಡುಕಾಟ ಸಾಧ್ಯವಾಯಿತು. ಬೇಸಿಗೆಯ ಹುಲ್ಲಿನಲ್ಲಿ ಬಿದ್ದಿದ್ದರೆ ಹೆಚ್ಚಿನವು ಸಿಗುತ್ತಿರಲಿಲ್ಲ. ಯೂರಲ್ ಫೆಡರಲ್ ವಿಶ್ವವಿದ್ಯಾಲಯದ ವಿಕ್ಟರ್ ಗ್ರೊಖೋವ್‌ಸ್ಕಿ ಅವರ ತಂಡ ಸರೋವರದ ಸುತ್ತ ದೊರೆತ ಸಣ್ಣ ಚೂರುಗಳನ್ನು ಪರೀಕ್ಷಿಸಿ, ಇದು ಸಾಮಾನ್ಯ ಕಾಂಡ್ರೈಟ್ ಎಂಬ, ಉಲ್ಕಾಶಿಲೆಗಳಲ್ಲಿ ಅತಿ ಹೆಚ್ಚಾಗಿ ಸಿಗುವ ವರ್ಗದ ಶಿಲೆ ಎಂದು ಮೂರು ದಿನಗಳೊಳಗೆ ಖಚಿತಪಡಿಸಿತು. ಅಷ್ಟು ಹೊತ್ತಿಗೆ ಅಂತರ್ಜಾಲದಲ್ಲಿ ಮಾರಾಟ ಶುರುವಾಗಿತ್ತು. ಅಸಲಿಗಿಂತ ನಕಲಿ ಕಲ್ಲುಗಳ ವ್ಯಾಪಾರವೇ ಜೋರಾಗಿತ್ತು. ಸರೋವರದ ತೂತು ಸೈನಿಕರು ಕೊರೆದದ್ದು ಎಂಬ ಅನುಮಾನ ಮಾತ್ರ ಸುಲಭಕ್ಕೆ ಸಾಯಲಿಲ್ಲ, ಏಕೆಂದರೆ ಮುಳುಗುಗಾರರು ಮೊದಲ ಸುತ್ತಿನಲ್ಲಿ ಏನನ್ನೂ ತರಲಿಲ್ಲ. ಅಕ್ಟೋಬರ್ 16ರಂದು ಕೆಸರಿನ ಆಳದಿಂದ ಬಂಡೆಯೊಂದನ್ನು ಮೇಲೆತ್ತಿದರು. ಅದು ತೂಗುವಾಗಲೇ ಒಡೆಯಿತು, ತಕ್ಕಡಿ 570 ಕಿಲೋ ತೋರಿಸಿ ತಾನೂ ಕೆಟ್ಟಿತು. ದೊಡ್ಡ ತುಂಡು ಈಗ ಚೆಲ್ಯಾಬಿನ್ಸ್ಕ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ನೀರಿನಿಂದ ಎತ್ತಬಾರದೆಂದು ವಿರೋಧಿಸಿದ ಸಣ್ಣ ಪಂಥವೊಂದು ಹುಟ್ಟಿಕೊಂಡಿತ್ತು. ಕಲ್ಲಿನಲ್ಲಿ ಮನುಕುಲಕ್ಕೆ ಬೇಕಾದ ನೀತಿಸಂಹಿತೆ ಅಡಗಿದೆ ಎಂಬುದು ಅವರ ನಂಬಿಕೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹನ್ನೊಂದು ಲಕ್ಷ ಜನರಲ್ಲಿ ಬೆರಳೆಣಿಕೆಯ ಜನರ ನಂಬಿಕೆಯನ್ನು ಊರಿನ ಪ್ರತಿಕ್ರಿಯೆ ಎಂದು ತೋರಿಸುವುದು ನ್ಯಾಯವಲ್ಲ.

ನೂರು ವರ್ಷ ಹಿಂದಕ್ಕೆ ಹೋದರೆ ಇದೇ ದೇಶದಲ್ಲಿ ಇದಕ್ಕಿಂತ ಬಹಳ ದೊಡ್ಡ ಸ್ಫೋಟವೊಂದು ನಡೆದಿತ್ತು. 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕಾ ನದಿಯ ಸೀಮೆಯಲ್ಲಿ 2,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಮಲಗಿತು. ಅಲ್ಲಿ ಇವೆಂಕಿ ಎಂಬ ಹಿಮಸಾರಂಗ ಸಾಕುವ ಬುಡಕಟ್ಟಿನವರ ವಿರಳ ವಸತಿಯಿತ್ತು. ಅವರಲ್ಲಿ ಹಲವರು ಅದನ್ನು ಓಗ್ದಿ ಎಂಬ ಸಿಡಿಲ ದೇವತೆಯ ಕೋಪವೆಂದು ತಿಳಿದರು. ಕೆಲವೇ ದಿನಗಳ ನಂತರದ ಸಿಬಿರ್ ಪತ್ರಿಕೆಯ ವರದಿಯ ಪ್ರಕಾರ, ದೂರದ ರಷ್ಯನ್ ಹಳ್ಳಿಯೊಂದರಲ್ಲಿ ಜನ ಬೀದಿಗೆ ಓಡಿಬಂದರು, ಮುದುಕಿಯರು ಅತ್ತರು, ಲೋಕದ ಕೊನೆ ಬಂತೆಂದು ಎಲ್ಲರೂ ಭಾವಿಸಿದರು. ವಿಜ್ಞಾನಿ ಲಿಯೊನಿದ್ ಕೂಲಿಕ್ ಆ ಜಾಗವನ್ನು ತಲುಪಿದ್ದು 1927ರಲ್ಲಿ, 19 ವರ್ಷಗಳ ನಂತರ. 1908ರ ರೈತನಿಗೆ ಆಕಾಶದಿಂದ ಬರಬಹುದಾದ ದೊಡ್ಡ ವಿಪತ್ತು ದೇವರ ತೀರ್ಪು. 2013ರ ಕಾರ್ಮಿಕನಿಗೆ ಅದು ಕ್ಷಿಪಣಿ. ಇಬ್ಬರೂ ತಮ್ಮ ಕಾಲದ ಅತಿದೊಡ್ಡ ಭಯವನ್ನೇ ಆ ಬೆಳಕಿನಲ್ಲಿ ಕಂಡರು.

ಚೆಲ್ಯಾಬಿನ್ಸ್ಕ್ ಮತ್ತು ತುಂಗುಸ್ಕಾ ನಡುವೆ ಇನ್ನೊಂದು ವ್ಯತ್ಯಾಸವಿದೆ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯ. ಈ ಬಾರಿ ಜನರ ಪ್ರತಿಕ್ರಿಯೆಯೇ ವಿಜ್ಞಾನದ ಸಾಮಗ್ರಿಯಾಯಿತು. ಅಪಘಾತದ ಮೊಕದ್ದಮೆಗಳಲ್ಲಿ, ವಿಮೆಯ ತಕರಾರುಗಳಲ್ಲಿ, ಪೊಲೀಸರ ಕಿರುಕುಳದಲ್ಲಿ ಸಾಕ್ಷಿಯಿರಲಿ ಎಂದು ರಷ್ಯಾದ ಚಾಲಕರು ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡಿದ್ದರು. ಒಂದು ಸಮಾಜದ ಅಪನಂಬಿಕೆಯೇ ಅಲ್ಲಿ ಕ್ಯಾಮೆರಾ ರೂಪ ತಾಳಿ ಕುಳಿತಿತ್ತು ಎನ್ನಬಹುದು. ಅದೇ ದೃಶ್ಯಗಳಿಂದ, ನಗರದ ಕ್ರಾಂತಿ ಚೌಕದ ದೀಪದ ಕಂಬಗಳ ನೆರಳು ತಿರುಗಿದ ಕೋನವನ್ನು ಅಳೆದು, ಕೊಲಂಬಿಯದ ಇಬ್ಬರು ಖಗೋಳವಿಜ್ಞಾನಿಗಳು ಕೆಲವೇ ದಿನಗಳಲ್ಲಿ ಉಲ್ಕೆಯ ಕಕ್ಷೆಯನ್ನು ಅಂದಾಜಿಸಿದರು. ಆಮೇಲೆ ಸಂಶೋಧಕರು 50ಕ್ಕೂ ಹೆಚ್ಚು ಹಳ್ಳಿಗಳನ್ನು ಸುತ್ತಿ, ಯಾವ ಮನೆಯ ಯಾವ ದಿಕ್ಕಿನ ಗಾಜು ಒಡೆಯಿತು ಎಂದು ಗುರುತು ಹಾಕಿಕೊಂಡರು. ಅಂತರ್ಜಾಲದ ಸಮೀಕ್ಷೆಯಲ್ಲಿ, ಆ ಹೊತ್ತಿಗೆ ಹೊರಗಿದ್ದ 1,113 ಮಂದಿ ಉತ್ತರಿಸಿದ್ದರು. ಅವರಲ್ಲಿ 25 ಮಂದಿಗೆ, ಮೂಳೆ ಕೊರೆಯುವ ಆ ಚಳಿಯಲ್ಲಿ, ಬಿಸಿಲಿಗೆ ಸುಟ್ಟಂತೆ ಚರ್ಮ ಕೆಂಪಾಗಿತ್ತು. ಮುಖಕ್ಕೆ ಬಿಸಿ ತಾಗಿತು, ಗಂಧಕದಂಥ ವಾಸನೆ ಬಂತು ಎಂಬ ಮಾತುಗಳು, ಬೇರೆ ಕಾಲದಲ್ಲಾಗಿದ್ದರೆ ಭ್ರಮೆಯೆಂದು ತಳ್ಳಿಹಾಕಬಹುದಾಗಿದ್ದವು, ಇಲ್ಲಿ ದತ್ತಾಂಶವಾಗಿ ಸೇರಿಕೊಂಡವು.

ಉಪನ್ಯಾಸದ ನಂತರ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಮೊದಲೇ ಎಚ್ಚರಿಕೆ ಕೊಟ್ಟಿದ್ದರೆ ಜನ ಇನ್ನೂ ಹೆಚ್ಚು ಗಾಬರಿಯಾಗುತ್ತಿರಲಿಲ್ಲವೇ, ನೂಕುನುಗ್ಗಲಿನಲ್ಲಿ ಸಾವುಗಳೇ ಆಗುತ್ತಿದ್ದವಲ್ಲವೇ ಎಂದು ಅವರು ಕೇಳಿದರು.

ಆಡಳಿತಗಾರರು ಈ ಭಯವನ್ನು ಮುಂದಿಟ್ಟುಕೊಂಡೇ ಬಹಳ ಸಲ ಮಾಹಿತಿಯನ್ನು ತಡೆಹಿಡಿಯುತ್ತಾರೆ. ಚೆಲ್ಯಾಬಿನ್ಸ್ಕ್‌ನ ಅನುಭವ ಅದನ್ನು ಸಮರ್ಥಿಸುವುದಿಲ್ಲ. ಏನೆಂದು ತಿಳಿಯದೆ ಗಾಬರಿಯಾದ ಊರು ಕೆಲವೇ ಗಂಟೆಗಳಲ್ಲಿ ಕಿಟಕಿ ಮುಚ್ಚುವ ಕೆಲಸಕ್ಕೆ ಇಳಿದಿತ್ತು. ಬೆಳಕು ಕಂಡರೆ ಕಿಟಕಿಯಿಂದ ಐದು ನಿಮಿಷ ದೂರವಿರಿ ಎಂಬ ಒಂದು ವಾಕ್ಯ ಮೊದಲೇ ಅವರಿಗೆ ತಲುಪಿದ್ದರೆ ಆಸ್ಪತ್ರೆಗೆ ಬಂದವರಲ್ಲಿ ಬಹುಪಾಲು ಮಂದಿ ಬರಬೇಕಾಗಿರಲಿಲ್ಲ. ಎಚ್ಚರಿಕೆ ಕೊಡುವುದು ಅಸಾಧ್ಯವೂ ಅಲ್ಲ: 2008ರ ಅಕ್ಟೋಬರ್ 7ರಂದು ಸುಡಾನಿನ ಮರುಭೂಮಿಯ ಮೇಲೆ ಒಡೆದ ಸುಮಾರು ನಾಲ್ಕು ಮೀಟರಿನ ಬಂಡೆಯನ್ನು ಹತ್ತೊಂಬತ್ತು ಇಪ್ಪತ್ತು ಗಂಟೆ ಮೊದಲೇ ಗುರುತಿಸಿದ್ದರು. ಆದರೆ ಎಚ್ಚರಿಕೆಯ ಭಾಷೆಯನ್ನು ನಾವು ಇನ್ನೂ ಕಲಿಯಬೇಕಾಗಿದೆ. 2024ರ ಡಿಸೆಂಬರಿನಲ್ಲಿ ಪತ್ತೆಯಾದ 2024 ವೈಆರ್4 ಎಂಬ ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆಯನ್ನು 2025ರ ಫೆಬ್ರವರಿಯಲ್ಲಿ ಶೇಕಡಾ 3ರವರೆಗೆ ಏರಿಸಿ, ಅದೇ ತಿಂಗಳಲ್ಲಿ ಶೂನ್ಯದ ಹತ್ತಿರಕ್ಕೆ ಇಳಿಸಲಾಯಿತು. ವೀಕ್ಷಣೆಗಳು ಹೆಚ್ಚಿದಂತೆ ಅಂಕಿ ಮೊದಲು ಏರಿ ಆಮೇಲೆ ಬೀಳುವುದು ಗಣಿತದ ಸಹಜ ನಡೆ. ಅದನ್ನು ಮೊದಲೇ ಬಿಡಿಸಿ ಹೇಳದಿದ್ದರೆ, ಏರಿದಾಗ ಜನ ಹೆದರುತ್ತಾರೆ, ಇಳಿದಾಗ ಏನನ್ನೋ ಮುಚ್ಚಿಡುತ್ತಿದ್ದಾರೆ ಎನ್ನುತ್ತಾರೆ.

ಸೂರ್ಯನ ದಿಕ್ಕಿನಿಂದ ಬರುವವುಗಳ ವಿಷಯದಲ್ಲಿ ಮಾತ್ರ ಇಂದಿಗೂ ಪರಿಸ್ಥಿತಿ ಹೆಚ್ಚು ಬದಲಾಗಿಲ್ಲ. ಬಾಹ್ಯಾಕಾಶದಿಂದ, ಅತಿಗೆಂಪು ಕಿರಣಗಳಲ್ಲಿ, ಸೂರ್ಯನಿಗೆ ಹತ್ತಿರದ ಆಕಾಶವನ್ನು ಹುಡುಕುವ ನಿಯೊ ಸರ್ವೇಯರ್ ಎಂಬ ದೂರದರ್ಶಕವನ್ನು ನಾಸಾ ಸಿದ್ಧಪಡಿಸುತ್ತಿದೆ. ಅದರ ಮುಖ್ಯ ಗುರಿ 140 ಮೀಟರಿಗಿಂತ ದೊಡ್ಡ ಕಾಯಗಳು. 19 ಮೀಟರಿನವುಗಳಲ್ಲಿ ಅದು ಕೆಲವನ್ನು ಕಾಣಬಹುದು, ಹೆಚ್ಚಿನವನ್ನು ಕಾಣಲಾರದು. ಅವುಗಳ ವಿಷಯದಲ್ಲಿ ಊರಿನವರ ಕೈಗೆ ಸಿಗುವುದು ಈಗಲೂ ಬೆಳಕಿಗೂ ಸದ್ದಿಗೂ ನಡುವಿನ ಆ ಒಂದೆರಡು ನಿಮಿಷ ಮಾತ್ರ.